ಹೆಬ್ಬಾಳದವರೆಗೆ ಹತ್ತೊಂಬತ್ತು ಹಂಪ್ಸ್

ಸೋಲದೇವನಹಳ್ಳಿಯ ನಮ್ಮ ಮನೆಯಿಂದ ಹೆಬ್ಬಾಳದ ಆಸ್ಪತ್ರೆಯವರೆಗೆ ಹತ್ತೊಂಬತ್ತು ಹಂಪ್ಸ್ ಇವೆ. ನಾನಾಗಿ ಎಣಿಸಿದವಳಲ್ಲ, ಅಮ್ಮ ಎಣಿಸುವಂತೆ ಮಾಡಿದಳು. ಕಾರು ಹತ್ತಿದರೆ ಇಳಿಯುವವರೆಗೂ ಬಾಯಿ ಮುಚ್ಚದ ಹೆಂಗಸು ಅವಳು. ಸೊಂಟದ ಆಪರೇಷನ್ ಆದ ಮೇಲೆ ಪ್ರತಿ ಹಂಪ್ಸಿಗೂ ಅವಳ ಮಾತು ಅರ್ಧಕ್ಕೇ ನಿಲ್ಲತೊಡಗಿತು. ಮುಂದಿನ ಚಕ್ರಗಳ ಹತ್ತಿರ ಧಡ್ ಎಂದು ಸದ್ದಾಗುತ್ತಿತ್ತು. ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಹೋಗುವಾಗ ಹತ್ತೊಂಬತ್ತು ಸಲ, ಬರುವಾಗ ಹತ್ತೊಂಬತ್ತು ಸಲ.

ವಾರಕ್ಕೆ ಎರಡು ದಿನ ಅಲ್ಲಿ ಅವಳ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಈ ಎರಡು ತಿಂಗಳು ತಪ್ಪಿಸಿದರೆ ಆಮೇಲೆ ವಾಕರ್ ಬಿಡುವುದು ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಮೂರನೇ ವಾರ ಮನೆಗೆ ಬಂದವಳೇ ಮಂಚದ ಮೇಲೆ ಕೂತು, “ನಾನಿನ್ನು ಬರಾಕಿಲ್ಲ ಕಣೇ. ಇಂಗೇ ವಾಕರ್ ಇಡ್ಕೊಂಡು ಇದ್ಬುಡ್ತೀನಿ, ಬುಡು” ಅಂದಳು. ಹೆಸರಘಟ್ಟ ರೋಡಿನಲ್ಲಿ ಹೊರಟ ಬಸ್ಸನ್ನು ಕೈತಟ್ಟಿ ನಿಲ್ಲಿಸಿ ಹತ್ತುತ್ತಿದ್ದವಳು! ನನಗೆ ಅಳು ಬಂತು. ಆದರೆ ಅಳುವುದಕ್ಕಿಂತ ಕೂಗಾಡುವುದು ನನಗೆ ಸಲೀಸು. ಕೂಗಾಡಿದೆ.

ಬೇರೆ ಗಾಡಿಯಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಆಟೋ ಮಾತೇ ಬೇಡ. ಬಾಡಿಗೆ ಕಾರುಗಳ ಸೀಟು ತಗ್ಗು, ಸೊಂಟ ಬಗ್ಗಿಸಿ ಕೂರಲೇಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ನಮ್ಮದು ಪೆಟ್ಟಿಗೆಯ ಹಾಗೆ ಎತ್ತರದ ಕಾರು. ಅಮ್ಮ ಹಿಂದಕ್ಕೆ ತಿರುಗಿ ಸುಮ್ಮನೆ ಒರಗಿದರೆ ಸೀಟು ಸಿಗುತ್ತಿತ್ತು. ಅಪ್ಪ ಆಸೆಪಟ್ಟು ಕೊಂಡ ಕಾರು ಅದು, ಸಂಕ್ರಾಂತಿಯ ಮಾರನೇ ದಿನ ಮನೆಗೆ ಬಂದಿತ್ತು. ಈಗ ಅಪ್ಪ ಇಲ್ಲ. ಕಂಪನಿಯವರು ಆ ಮಾಡೆಲ್ ಮಾಡುವುದನ್ನೂ ನಿಲ್ಲಿಸಿದ್ದಾರೆ.

ದಾಸರಹಳ್ಳಿಯಲ್ಲಿ ನಮ್ಮ ಗಾಡಿ ನೋಡುವ ಮೆಕ್ಯಾನಿಕ್ ಒಬ್ಬರಿದ್ದಾರೆ, ನನ್ನ ವಯಸ್ಸಿನವರೇ. ಮುಂದಿನ ಬಾನೆಟ್ಟನ್ನು ಎರಡು ಸಲ ಅದುಮಿ ನೋಡಿ, “ಅಕ್ಕ, ಮುಂದ್ಗಡೆ ಎರಡು ಶಾಕ್ ಅಬ್ಸಾರ್ಬರೂ ಹೋಗಿವೆ. ಆಯಿಲ್ ಪೂರ್ತಿ ಸೋರೋಗಿದೆ. ಯಶವಂತಪುರದಿಂದ ಹೊಸ್ದು ತಂದ್ಕೊಡಿ, ಅರ್ಧ ದಿನದ ಕೆಲ್ಸ” ಅಂದರು.

ಕಾರನ್ನು ಅಲ್ಲೇ ಬಿಟ್ಟು ಯಶವಂತಪುರಕ್ಕೆ ಹೋದೆ. ಬಿಡಿಭಾಗದ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೇಡಂ, ಸರ್‌ನ ಕಳ್ಸಿ, ಇಲ್ಲಾಂದ್ರೆ ಮೆಕ್ಯಾನಿಕ್ ಹತ್ರ ಫೋನ್ ಮಾಡ್ಸಿ” ಅಂದ. ಮೈ ಉರಿದುಹೋಯಿತು.

“ಗಾಡಿ ನಮ್ದು, ಓಡ್ಸೋಳು ನಾನು. ಏನ್ ಕೇಳ್ಬೇಕೋ ನನ್ನೇ ಕೇಳ್ರೀ.”

“ಯಾವ ವರ್ಷದ್ದು ಮೇಡಂ?”

ಪಟ್ಟಂತ ಹೇಳಿದೆ. ಅಪ್ಪ ಕಾರು ತಂದ ಸಂಕ್ರಾಂತಿಯನ್ನು ನಾನು ಮರೆಯುವುದುಂಟೆ? ಆರ್‌ಸಿ ಕಾರ್ಡನ್ನೂ ಮುಖಕ್ಕೆ ಹಿಡಿದೆ. ರಿಜಿಸ್ಟರ್ ಆದದ್ದು ಅದೇ ಜನವರಿಯಲ್ಲಿ, ಅಚ್ಚಾಗಿತ್ತು. ಉಳಿದ ಅಕ್ಷರಗಳೆಲ್ಲ ಪರ್ಸಿನಲ್ಲಿ ಉಜ್ಜಿ ಉಜ್ಜಿ ಸವೆದಿದ್ದವು, ಅವನೂ ಓದಲಿಲ್ಲ, ನಾನೂ ಓದಲಿಲ್ಲ. ಎರಡು ಡಬ್ಬ ಕೊಟ್ಟ. ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಗ್ಯಾರೇಜಿಗೆ ತಂದೆ.

ಅವು ಕೂರಲಿಲ್ಲ. ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಅದನ್ನು ಚಕ್ರಕ್ಕೆ ಬಿಗಿಯುವ ಒಂದು ಕ್ಲಿಪ್ ಇರುತ್ತದೆ. ಹೊಸದರ ಕ್ಲಿಪ್ ಒಂದು ಬೆರಳಿನಷ್ಟು ಹೆಚ್ಚು ಅಗಲ. ಮೆಕ್ಯಾನಿಕ್ ಸುತ್ತಿಗೆ ಮುಟ್ಟಲಿಲ್ಲ. “ಬಡಿದು ಕೂರಿಸೋ ಜಾಗ ಅಲ್ಲ ಅಕ್ಕ, ಇದ್ರ ಮೇಲೇ ಚಕ್ರ ನಿಲ್ಲೋದು” ಎಂದು ಬಿಚ್ಚಿದ ಹಳೆಯದೊಂದನ್ನು ಗೋಣಿಚೀಲದಲ್ಲಿ ಹಾಕಿಕೊಟ್ಟರು. ಮಾರನೇ ದಿನ ಅದನ್ನು ಹೊತ್ತು ಮತ್ತೆ ಯಶವಂತಪುರ. ಅಂಗಡಿಯವನು ಹೊರಳಿಸಿ ನೋಡಿ, “ಮೇಡಂ, ಇದು ನಿಮ್ ವರ್ಷದ ಗಾಡೀದೇ ಅಲ್ಲ. ಯಾರೋ ಹಳೇ ಮಾಡೆಲ್‌ದು ತಗುಲಿಸಿದಾರೆ. ಇದ್ರ ಮೇಲೆ ನಾನು ಸಾಮಾನು ಕೊಡಲ್ಲ, ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ” ಅಂದ.

ಯಾರೋ ಅಂದರೆ ಇನ್ಯಾರು? ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಸೀದಾ ದಾಸರಹಳ್ಳಿಗೆ ಬಂದು, ನಾಲ್ಕು ಜನ ಗಿರಾಕಿಗಳ ಮುಂದೆ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ನಮ್ಮಪ್ಪ ನಿಮ್ಮನ್ನ ನಂಬಿ ಗಾಡಿ ಬಿಡ್ತಿದ್ರಲ್ರೀ, ಒರಿಜಿನಲ್ ಬಿಚ್ಚಿ ಯಾರಿಗೆ ಮಾರಿದ್ರಿ ಅಂತ ಕೇಳಿದೆ. ಅವರು ಕೈ ಒರೆಸಿಕೊಂಡು ಎದ್ದು ನಿಂತರು.

“ಅಕ್ಕ, ಇದನ್ನ ನಾನು ಬಿಚ್ಚಿದ್ದು ನಿನ್ನೇನೇ ಮೊದ್ಲು. ಬೋಲ್ಟ್ ಮೇಲೆ ಕಂಪ್ನಿಯವ್ರು ಹಾಕಿದ್ ಪೇಂಟ್ ಗುರುತು ಹಂಗೇ ಇತ್ತು. ಬೇಕಾದ್ರೆ ನೋಡಿ.” ಬೋಲ್ಟನ್ನು ನನ್ನ ಕೈಗಿಟ್ಟು ಬೇರೆ ಗಾಡಿಯ ಕೆಳಗೆ ನುಗ್ಗಿದರು.

ಮನೆಗೆ ಬಂದು ಚೀಲ ಎಸೆದು ಅಮ್ಮನ ಮುಂದೆ ಎಲ್ಲವನ್ನೂ ಒದರಿದೆ. ಆ ವಾರದ ಎರಡೂ ದಿನ ಆಸ್ಪತ್ರೆ ತಪ್ಪಿತ್ತು. ಅವಳು ಗೋಡೆಗೆ ಒರಗಿ ಕಾಲು ನೀವಿಕೊಳ್ಳುತ್ತಾ ಕೇಳಿದಳು.

“ಅಂಗಡಿಯವ್ನಿಗೆ ಯಾವ ವರ್ಸ ಅಂದೆ?”

ಹೇಳಿದೆ.

“ಅಯ್ಯೋ ನಿನ್ನ! ಅದು ಮೊದ್ಲಿನ ವರ್ಸದ ಗಾಡಿ ಕಣೇ. ನಿಮ್ಮಪ್ಪ ದುಡ್ಡೆಲ್ಲ ಕಟ್ಟಿ, ಗಾಡೀನೂ ಬಂದಿತ್ತು. ಧನುರ್ಮಾಸದಲ್ಲಿ ಒಸ ಗಾಡಿ ಮನೆ ಮುಂದಕ್ಕೆ ತರಬ್ಯಾಡಿ ಅಂತ ನಾನೇ ತಡ್ದಿದ್ದು. ಸಂಕ್ರಾಂತಿ ಕಳೀಲಿ ಅಂತ ಒಂದ್ ತಿಂಗ್ಳು ಶೋರೂಮಲ್ಲೇ ನಿಂತಿತ್ತು. ನೀನಾಗ ಆಸ್ಟೆಲ್ಲಲ್ಲಿದ್ದೆ. ನಿಮ್ಮಪ್ಪ ದಿನಾ ಓಗಿ ನೋಡ್ಕೊಂಡು, ಒಂದ್ಸಲ ಒರಸ್ಬುಟ್ಟು ಬರೋರು.”

ಮನೆಗೆ ತಾರದ ಕಾರನ್ನು ಒರೆಸಲು ದಿನಾ ಹೋಗುತ್ತಿದ್ದ ಅಪ್ಪನನ್ನು ನೆನೆದು ನಗು ಬಂತು. ಅದರ ಹಿಂದೆಯೇ ಮೆಕ್ಯಾನಿಕ್ಕಿನ ಮುಖ ನೆನಪಾಗಿ ನಾಚಿಕೆಯಿಂದ ಸತ್ತುಹೋಗುವಂತಾಯಿತು.

ಬೆಳಿಗ್ಗೆ ಗ್ಯಾರೇಜು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. “ನಂದೇ ತಪ್ಪು ಕಣ್ರೀ. ಅಂದಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ” ಎಂದು ಧನುರ್ಮಾಸದ ಕತೆ ಹೇಳಿದೆ. ಅವರು ಶಟರ್ ಎತ್ತುತ್ತಾ, “ನಮ್ಮನೇಲಿ ಆಷಾಢ ಅಂತ ನನ್ ಬೈಕ್ ನಿಲ್ಸಿದ್ರು ಬಿಡಿ ಅಕ್ಕ” ಅಂದರು. ಆಮೇಲೆ ಅವರೇ ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಉಜ್ಜಿ, ಗಾಡಿ ಯಾವಾಗ ತಯಾರಾಯಿತೆಂದು ತಿಳಿಸುವ ಚಾಸಿ ನಂಬರ್ ತೋರಿಸಿದರು. ಫೋಟೋ ಹೊಡೆದುಕೊಂಡು ಯಶವಂತಪುರಕ್ಕೆ ಮೂರನೇ ಸಲ ಹೋದೆ.

ಅಂಗಡಿಯವನು ನಂಬರನ್ನು ಕಂಪ್ಯೂಟರಿಗೆ ಹಾಕಿ ತಲೆ ಕೆರೆದುಕೊಂಡ. “ಹೌದಲ್ಲ ಮೇಡಂ, ಡಿಸೆಂಬರಲ್ಲಿ ತಯಾರಾದ ಗಾಡಿ! ಕ್ಲಿಪ್ ಚೇಂಜ್ ಆಗಿದ್ದು ಜನವರಿಯಿಂದ. ನಾನೂ ಮೊದ್ಲೇ ಇದನ್ನ ನೋಡ್ಬೇಕಿತ್ತು.” ಏಣಿ ಹತ್ತಿ ಅಟ್ಟದಿಂದ ಧೂಳು ಹಿಡಿದ ಒಂದು ಜೊತೆ ಇಳಿಸಿದ. ಗೋಣಿಚೀಲದ ಹಳೆಯದರ ಪಕ್ಕ ಇಟ್ಟು ಅಳೆದೆವು. ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಅಲ್ಲೇ ಕುಣಿಯುವುದೊಂದು ಬಾಕಿ. ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ ಎರಡನ್ನೂ ಬಿಗಿದು, ತಾವೇ ಓಡಿಸಿ ನೋಡಿ, ಕೀ ಕೊಟ್ಟರು.

ಮಾರನೇ ದಿನ ಅಮ್ಮನನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು. “ಇದೊಂದೇ ಸಲ, ನೋವಾದ್ರೆ ನಾನೇ ವಾಪಸ್ ತಿರುಗಿಸ್ತೀನಿ” ಎಂದು ಆಣೆ ಮಾಡಿದ ಮೇಲೆ ಹತ್ತಿದಳು. ಬೀದಿ ತಿರುಗುವ ಮೊದಲೇ ಶುರುವಾಯಿತು.

“ನಾಕು ಜನದ ಮುಂದೆ ಆ ವಯ್ಯನ್ನ ಅಂಗನ್ಬೋದೇನೇ? ನಿಮ್ಮಪ್ಪ ಸತ್ತಾಗ ಮೂರು ದಿನ ಅಂಗಡಿ ಮುಚ್ಚಿ ಬಂದಿದ್ದೋನು...”

ಮೊದಲನೇ ಹಂಪ್ಸ್ ಬಂತು. ಕಾರು ಮೆಲ್ಲಗೆ ಎದ್ದು, ಮೆಲ್ಲಗೆ ಇಳಿಯಿತು. ಅಮ್ಮನ ಮಾತು ನಿಲ್ಲಲಿಲ್ಲ. ಎರಡನೆಯದು, ಐದನೆಯದು, ಹತ್ತನೆಯದು. ನನ್ನ ಬಾಯಿ, ನನ್ನ ಸಿಟ್ಟು, ನಾನು ಸಾರಿಗೆ ಹಾಕುವ ಉಪ್ಪು, ಒಂದನ್ನೂ ಬಿಡದೆ ಬೈದಳು. ಅವಳ ಎರಡೂ ಕೈ ಮಡಿಲಲ್ಲಿದ್ದವು. ಬೈಸಿಕೊಳ್ಳುವುದರಲ್ಲಿ ಅಷ್ಟು ಸುಖವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮುಂದಿನ ರಸ್ತೆ ಮಂಜುಮಂಜಾಗಿ ಕಂಡಿತು, ಕಣ್ಣೊರೆಸಿಕೊಂಡು ಓಡಿಸಿದೆ.

ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸಿದಾಗ ಅಮ್ಮ ಹಿಂದಕ್ಕೆ ತಿರುಗಿ ರಸ್ತೆ ನೋಡಿದಳು.

“ಏನೇ ಇದು, ಅಂಪ್ಸೆಲ್ಲ ಕಿತ್ತಾಕವ್ರಾ?”

“ಹೂಂ ಕಣಮ್ಮ, ಎಲ್ಲಾ ಕಿತ್ತಾಕಿದಾರೆ,” ಅಂದೆ.

ಅವಳು ಕಾಲು ಕೆಳಗಿಟ್ಟು ವಾಕರಿಗೆ ಕೈ ಚಾಚಿದಳು. “ತಪ್ಪೋದ್ವಲ್ಲ ಎರಡು ದಿನ, ಅದನ್ನೂ ಸೇರಿಸಿ ಮಾಡಿಸ್ತಾರಾ ಕೇಳು ಒಳಗೆ,” ಅಂದಳು.