ತಲೆಗೆರಡು ಸೇರು ಹುಣಸೆಬೀಜ

ಚಿಂತಾಮಣಿಯ ದೊಡ್ಡಮ್ಮನ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ರೂಮು ಒಂದೇ, ಮಹಡಿಯದು. ರಜೆಗೆ ಹೋದಾಗ ಅದು ಯಾರಿಗೆಂದು ದೊಡ್ಡಮ್ಮ, ಚಿಕ್ಕಪ್ಪ, ನಾನು ಪೋಕರ್ ಆಡಿ ತೀರ್ಮಾನಿಸುತ್ತೇವೆ. ಸೋತವರಿಗೆ ಹಾಲ್ ಮತ್ತು ಪಕ್ಕದವರ ಗೊರಕೆ. ಆಟ ಕಲಿಸಿದವಳು ನಾನೇ. ಹಾಸ್ಟೆಲಿನಿಂದ ತಂದ ವಿದ್ಯೆ. ಕೈಗೆ ಎರಡೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ, ಪಣಕ್ಕೆ ಹುಣಸೆಬೀಜ.

ಪ್ರತಿ ವರ್ಷ ತಲೆಗೊಂದು ಹಿಡಿ ಬೀಜ. ಅಷ್ಟೇ ಬೀಜದ ಆಟದಲ್ಲಿ ಚಿಕ್ಕಪ್ಪನದೇ ಕಾರುಬಾರು: ಒಳ್ಳೆಯ ಜೋಡಿ ಬಂದೊಡನೆ ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳುತ್ತಾರೆ, ಗೆಲ್ಲುತ್ತಾರೆ. ಈ ಬೇಸಿಗೆ ಹಣ್ಣು ಬಿಡಿಸಿ ಆಗಷ್ಟೇ ಮುಗಿದಿತ್ತು. ಬೀಜ ಎಸೆಯಲು ಮನಸ್ಸಾಗದ ದೊಡ್ಡಮ್ಮ ತಲೆಗೆರಡು ಸೇರು ಅಳೆದು ಒಬ್ಬೊಬ್ಬರ ಮೊರಕ್ಕೆ ಸುರಿದರು.

"ಅತ್ತಿಗೆ, ಇದು ಆಡೋಕಾ, ಬಿತ್ತೋಕಾ?" ಎಂದರು ಚಿಕ್ಕಪ್ಪ.

ನನಗೆ ಒಳಗೊಳಗೇ ಖುಷಿ. ಹಿಡಿಬೀಜದಾಟದಲ್ಲಿ ಧೈರ್ಯ ಗೆಲ್ಲುತ್ತದೆ; ಸೇರಿನಾಟದಲ್ಲಿ ಧೈರ್ಯಕ್ಕೆ ತೆರುವ ದಂಡವೂ ಸೇರಿನಲ್ಲೇ.

"ದೊಡ್ಡಮ್ಮ, ರಾಶಿ ಇಷ್ಟಿದ್ದಾಗ ಬರೀ ಒಂದು ಜೋಡಿ ನಂಬ್ಕೊಂಡು ಪೂರ್ತಿ ಸುರೀಬೇಡಿ. ಚಿಕ್ಕ ಜೋಡಿ ಬಂದ್ರೂ ನಾಲ್ಕು ಬೀಜ ಹಾಕಿ ಕಾಯಿರಿ. ನಡುವೆ ಅದರದ್ದೇ ಮೂರನೇದು ಸಿಕ್ರೆ ಆಮೇಲೆ ಬಿಡ್ಬೇಡಿ," ಎಂದೆ.

"ಯಾಕತ್ತಿಗೆ, ಇವಳು ಇಷ್ಟು ಧರ್ಮ ಮಾಡ್ತಾಳೆ?"

ನಾನು ಹೇಳಿಕೊಟ್ಟದ್ದು ನಿಜವೇ. ಧರ್ಮಕ್ಕಲ್ಲ.

ಚಿಕ್ಕಪ್ಪ ರಾಜರ ಜೋಡಿ ಹಿಡಿದು ಅರ್ಧ ಮೊರವನ್ನು ದೊಡ್ಡಮ್ಮನ ನಾಲ್ಕರ ಮೂರು ಎಲೆಗಳಿಗೆ ಕಳೆದುಕೊಂಡರು. ಸಿಟ್ಟಿನಲ್ಲಿ ಉಳಿದರ್ಧವನ್ನು ನನಗೆ.

ದೀಪ ಹಚ್ಚುವ ಹೊತ್ತಿಗೆ ಆಟ ನಿಲ್ಲಬೇಕು, ಯಾರ ರಾಶಿ ದೊಡ್ಡದೋ ರೂಮು ಅವರದು. ಕೊನೆಯ ಆಟಕ್ಕೆ ದೊಡ್ಡಮ್ಮನ ಮತ್ತು ನನ್ನ ಮೊರಗಳು ಹೆಚ್ಚುಕಡಿಮೆ ಸಮ. ಒಳ್ಳೆಯ ಎಲೆ ಬಂದರೆ ದೊಡ್ಡಮ್ಮ ಸೆರಗು ಸರಿಮಾಡಿಕೊಳ್ಳುತ್ತಾರೆ. ಈ ಸಲ ಮತ್ತೆ ಮತ್ತೆ ಸರಿಮಾಡಿಕೊಂಡರು. ನಡುವಿನ ಎಲೆಗಳಲ್ಲಿ ಮೂರು ಕಳಾವರ್ ಬಿದ್ದವು; ಕೈಯಲ್ಲಿ ಇನ್ನೆರಡಿದ್ದರೆ ಐದಾಗಿ, ಯಾವ ಜೋಡಿಯನ್ನೂ ಹೊಡೆಯುತ್ತದೆ. ಆಗಲೇ ಒಂದು ಸೇರಿನಷ್ಟು ಬೀಜ ಪಣಕ್ಕೆ ಸೇರಿತ್ತು. ನಾನು ಉಳಿದದ್ದನ್ನು ಮೊರದ ಸಮೇತ ಮುಂದಕ್ಕೆ ತಳ್ಳಿದೆ.

ದೊಡ್ಡಮ್ಮ ನನ್ನ ಮುಖವನ್ನೇ ನೋಡಿದರು. "ಇವಳಿಗೆ ಐದೂ ಕಳಾವರ್ ಆಗೋಗಿದೆ. ನಂದು ಬರೀ ಜೋಡಿ ಕಣಮ್ಮ." ಎರಡು ಎಕ್ಕ ಮಗುಚಿ ಬಿಟ್ಟುಕೊಟ್ಟರು.

"ಎಕ್ಕದ ಜೋಡಿ ಬಿಟ್ರಾ ಅತ್ತಿಗೆ!" ಚಿಕ್ಕಪ್ಪ ಹಣೆ ಚಚ್ಚಿಕೊಂಡರು.

"ಅವಳೇ ಹೇಳ್ಕೊಟ್ಟಿದ್ದಲ್ವೇನಪ್ಪ. ಎಲ್ಲಿ, ನಿಂದು ತೋರ್ಸಮ್ಮ."

"ಬಿಟ್ಟುಕೊಟ್ಟೋರಿಗೆ ತೋರಿಸ್ಬೇಕು ಅಂತಿಲ್ಲ ದೊಡ್ಡಮ್ಮ," ಎಂದು ಎಲೆಗಳನ್ನು ಕಟ್ಟಿನೊಳಗೆ ಸೇರಿಸಿದೆ.

ಆ ರಜೆಯುದ್ದಕ್ಕೂ ದೊಡ್ಡಮ್ಮ ಕಾಫಿಯ ನೆಪದಲ್ಲಿ ಮಹಡಿ ಹತ್ತಿ ಬಂದು ಬಾಗಿಲಾಚೆ ನಿಲ್ಲುತ್ತಿದ್ದರು. "ನಿಜ ಹೇಳಮ್ಮ, ಕಳಾವರ್ ಇತ್ತಾ?"

"ಕಾಫಿ ಅಲ್ಲೇ ಇಡಿ ದೊಡ್ಡಮ್ಮ, ಬರ್ತೀನಿ."

ಇದ್ದದ್ದು ಕೆಂಪು ಏಳು, ಕೆಂಪು ಎರಡು. ಚಿಲಕ ಮಾತ್ರ ಗಟ್ಟಿಯಾಗಿತ್ತು.