ಆಯ್ತು ಬುಡಿ

ನಮ್ಮ ಶಾಖೆಗೆ ಸುಗ್ಗಿ ಬರುತ್ತಿದ್ದದ್ದು ಆಷಾಢದಲ್ಲಿ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಶಾಸಕರಿಗೆ ಕ್ಷೇತ್ರದಲ್ಲಿ ಅಕ್ಷತೆ ಹಾಕುವ ಕೆಲಸವಿಲ್ಲ. ಉಳಿದ ತಿಂಗಳಲ್ಲಿ ಸಮಿತಿಯ ಸಭೆಗೆ ದಿನ ಗೊತ್ತುಮಾಡುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ಒಬ್ಬರು ಬರುತ್ತೇನೆ ಎಂದು ಫೋನಿಡುವಷ್ಟರಲ್ಲಿ ಇನ್ನೊಬ್ಬರು ನೆಗೆದಿರುತ್ತಿದ್ದರು. ಕೋರಂಗೆ ಬೇಕಾದಷ್ಟು ತಲೆಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ ದಿನ ನನಗೆ ಮಗಳ ಮದುವೆ ಮುಗಿಸಿದಷ್ಟು ನಿರಾಳವಾಗುತ್ತಿತ್ತು.

ನಾನು ಶಾಖಾಧಿಕಾರಿ. ಮನೆ ರಾಮನಗರದಲ್ಲಿ, ತವರು ವಿರೂಪಾಕ್ಷಿಪುರದ ಕಡೆ, ಕೆಲಸ ಬೆಂಗಳೂರಿನಲ್ಲಿ, ದಿನಾ ರೈಲು. ಸಚಿವರು ಸದನದಲ್ಲಿ ನಿಂತು ಕೊಟ್ಟ ಮಾತು ನಡೆಯಿತೋ ಇಲ್ಲವೋ ಎಂದು ಕೇಳುವ ಸಮಿತಿ ನಮ್ಮದು. ಕೇಳಲು ಗಂಭೀರವಾಗಿದೆ. ಒಳಗೆ ಕೂತವರಿಗೆ ಗೊತ್ತು ಅದರ ಬಂಡವಾಳ. ‘ಪರಿಶೀಲಿಸಲಾಗುವುದು’, ‘ಒದಗಿಸಲಾಗುವುದು’, ‘ಕ್ರಮ ವಹಿಸಲಾಗುವುದು’. ಯಾರು ಪರಿಶೀಲಿಸುತ್ತಾರೆ, ಯಾರು ಒದಗಿಸುತ್ತಾರೆ ಎಂದು ಯಾವ ವಾಕ್ಯದಲ್ಲೂ ಇರುವುದಿಲ್ಲ. ಮಾಡುವವನೇ ಇಲ್ಲದೆ ಕನ್ನಡ ಬರೆಯುವುದನ್ನು ಕಲಿಯಬೇಕೆಂದರೆ ನಮ್ಮ ಕಡತಗಳನ್ನು ಓದಬೇಕು.

ಎಷ್ಟೋ ಪ್ರಕರಣಗಳನ್ನು ಮರೆತಿದ್ದೇನೆ. ಒಂದನ್ನು ನೆನೆದರೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾರೋಹಳ್ಳಿಯ ಆಚೆ ಒಂದು ಊರು. ಕಾರ್ಖಾನೆಗಳಿಗೆಂದು ಹೊಲ ಹೋಯಿತು, ಹೊಲದ ಜೊತೆ ಹೊಲದಂಚಿನ ಸಮಾಧಿಯ ಗುಡ್ಡೆಗಳೂ ಹೋದವು. ನಮ್ಮ ಕಡೆ ಒಕ್ಕಲು ಮನೆತನದವರು ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಹೂಳುತ್ತಾರೆ. ಮೂರನೇ ದಿನ ಆ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಹೊಲವೇ ಕಾಂಪೌಂಡಿನೊಳಗೆ ಸೇರಿದ ಮೇಲೆ ಸತ್ತವರಿಗೆ ಜಾಗವೆಲ್ಲಿ ಎಂದು ಒಬ್ಬ ಸದಸ್ಯರು ಸದನದಲ್ಲಿ ಕೇಳಿದರು. ‘ಶವಸಂಸ್ಕಾರಕ್ಕೆ ಬದಲಿ ಸ್ಥಳವನ್ನು ಒದಗಿಸಲಾಗುವುದು’ ಎಂದು ಸಚಿವರು ಉತ್ತರಿಸಿದರು. ಆ ಮಾತು ನಡೆದಿಲ್ಲವೆಂದು ಸಮಿತಿಗೆ ಅರ್ಜಿ ಹಾಕಿದ್ದು ಅದೇ ಊರಿನ ಒಬ್ಬಳು ಅಜ್ಜಿ.

ಅರ್ಜಿ ಬರೆದವನು ಅವಳ ಮಗನಾದರೂ ಹೆಬ್ಬೆಟ್ಟು ಅಜ್ಜಿಯದು. ಮಗ ತಮ್ಮದೇ ಹೊಲದ ಮೇಲೆ ಎದ್ದ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಗಂಡನ ಗುಡ್ಡೆ ಅದೇ ಗೇಟಿನ ಒಳಗೆ ಸಮತಟ್ಟಾಗಿ ಹೋಗಿತ್ತು. ತನ್ನನ್ನು ಎಲ್ಲಿ ಮಣ್ಣು ಮಾಡುತ್ತಾರೆ ಎಂಬುದೊಂದೇ ಅವಳ ಪ್ರಶ್ನೆ.

ವಿಚಾರಣೆಗೆ ಮೊದಲ ಸಲ ಗೊತ್ತುಮಾಡಿದ ದಿನ ಯಾರೋ ದೊಡ್ಡವರ ಮನೆಯ ಮದುವೆ ಬಂತು. ಇನ್ನೊಮ್ಮೆ ಇಲಾಖೆಯವರು ಕಡತವೇ ಸಿಕ್ಕಿಲ್ಲವೆಂದರು. ರಾಮನಗರ ಆಗತಾನೇ ಜಿಲ್ಲೆಯಾಗಿತ್ತು. ಯಾವ ಕಡತ ಕೇಳಿದರೂ ‘ಅದು ಹಳೇ ಜಿಲ್ಲೆಯಲ್ಲೇ ಉಳಿದಿದೆ’ ಎನ್ನುವ ಒಳ್ಳೆಯ ನೆಪ ಎಲ್ಲರಿಗೂ ಸಿಕ್ಕಿತ್ತು. ಹೀಗೆ ಸಭೆ ಮುಂದಕ್ಕೆ ಹೋದ ಒಂದು ದಿನ, ಅಡುಗೆಯವರಿಗೆ ನಾಟಿ ಕೋಳಿ ಬೇಡವೆಂದು ಹೇಳಲು ನಾನೇ ಅದು ನಡೆಯಬೇಕಿದ್ದ ರಾಮನಗರದ ಪ್ರವಾಸಿ ಮಂದಿರಕ್ಕೆ ಹೋದೆ. ಮರದ ಕೆಳಗೆ ಅಜ್ಜಿ ಮಗನೊಡನೆ ಕೂತಿದ್ದಳು. ಕೋಳಿಗೆ ಸುದ್ದಿ ಮುಟ್ಟಿತ್ತು, ಅವಳಿಗೆ ಮುಟ್ಟಿರಲಿಲ್ಲ.

“ಮದ್ವೆ ಮುಂದುಕ್ಕೋದ್ರೆ ಓಲಗದೋರ್ಗೂ ಏಳ್ ಕಳಿಸ್ತಾರೆ. ನಮ್ಗೆ ಯಾರೂ ಏಳ್ನಿಲ್ವಲ್ಲವ್ವ?” ಎಂದಳು.

ನನಗೆ ನಾಚಿಕೆಯಾಯಿತು. ಆಷಾಢದಲ್ಲಿ ಖಂಡಿತ ಆಗುತ್ತದೆ ಎಂದೆ. ಅವಳು ಬೊಚ್ಚು ಬಾಯಿ ಬಿಟ್ಟು ನಕ್ಕಳು.

“ಆಸಾಡ್ದಲ್ಲಿ ಯಾರವ್ವ ಒಳ್ಳೆ ಕೆಲ್ಸ ಮಾಡ್ತಾರೆ? ಏನೋ, ಇದು ಸಾವಿನ್ ಕೆಲ್ಸ ತಾನೆ. ನಡೀತೈತೆ ಬುಡು.”

ಆಷಾಢ ಬಂತು. ಕನಕಪುರದ ಪ್ರವಾಸಿ ಮಂದಿರದಲ್ಲಿ ಸಭೆ ಸೇರಿತು. ಪ್ರತಿ ಸದಸ್ಯರ ಮುಂದೆ ಇಲಾಖೆಯವರು ಚನ್ನಪಟ್ಟಣದ ಬೊಂಬೆಯ ಡಬ್ಬಿ ಇಟ್ಟಿದ್ದರು. ಅಧಿಕಾರಿ ಎದ್ದು ಎರಡು ಎಕರೆ ಗುರುತಿಸಿ ಊರಿಗೆ ಹಸ್ತಾಂತರಿಸಲಾಗಿದೆ ಎಂದು ಓದಿದ. ಅಧ್ಯಕ್ಷರು ‘ಸಂತೋಷ, ಮುಂದಿನದು’ ಎಂದುಬಿಟ್ಟರು. ನಾನು ಎದ್ದು ಹೋಗಿ, ಅರ್ಜಿದಾರರು ಹೊರಗಿದ್ದಾರೆ ಸಾರ್, ಕೇಳದೆ ಮುಗಿಸಿದರೆ ಅದು ವಿಚಾರಣೆಯಾಗುವುದಿಲ್ಲ ಎಂದು ಅವರ ಕಿವಿಯಲ್ಲಿ ಹೇಳಿದೆ. ಅವರು ಮುಖ ಗಂಟಿಕ್ಕಿಕೊಂಡು ಕರೆಸಿದರು.

ಕೂತುಕೊಳ್ಳಮ್ಮ ಎಂದರೂ ಅಜ್ಜಿ ಕೂರಲಿಲ್ಲ.

“ಜಾಗ ಕೊಟ್ಟವ್ರೆ ಸ್ವಾಮಿ, ಸುಳ್ಳಲ್ಲ. ಒಸಿ ಬಂದು ನೋಡ್ಕಂಡು ಓಗಿ. ವಯಸ್ಸಾದ್ಮ್ಯಾಲೆ ಊರು ಓಗು ಅಂತೈತೆ, ಕಾಡು ಬಾ ಅಂತೈತೆ ಅಂತಾರೆ. ನಂಗೆ ಊರು ಓಗು ಅಂತೈತೆ. ಬಾ ಅನ್ನಕ್ಕೆ ಕಾಡೆಲ್ಲೈತೆ?”

ಸದಸ್ಯರು ನಕ್ಕರು. ಮುದ್ದೆ ಇನ್ನೂ ಬೇಯುತ್ತಿತ್ತು, ಕಾರುಗಳು ನಿಂತಿದ್ದವು. ನೋಡಿಯೇ ಬರೋಣ ಎಂದರು ಅಧ್ಯಕ್ಷರು.

ಅದು ಬಂಡೆ. ಲಂಟಾನದ ಪೊದೆ ದಾಟಿದರೆ ಆನೆಯ ಬೆನ್ನಿನ ಹಾಗೆ ಒಂದೇ ಬಂಡೆ, ಕೊಟ್ಟ ಎರಡೆಕರೆಯ ಉದ್ದಗಲಕ್ಕೂ. ಸುತ್ತ ಸುಣ್ಣದ ಗೆರೆ ಎಳೆದು, ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ‘ಸ್ಮಶಾನ’ ಎಂದು ಬರೆದಿದ್ದರು. ಅಜ್ಜಿ ಮೊದಲೇ ಅಲ್ಲೊಂದು ಹಾರೆ ತಂದಿಡಿಸಿದ್ದಳು. ಅದನ್ನು ಅಧಿಕಾರಿಯ ಕೈಗೆ ಕೊಟ್ಟು, “ಒಂದ್ ಏಟು ಆಕಿ ಸ್ವಾಮಿ” ಎಂದಳು. ಎಲ್ಲರೂ ನೋಡುತ್ತಿದ್ದರಿಂದ ಅವನು ಹಾಕಲೇಬೇಕಾಯಿತು. ಠಣ್ ಎಂದು ಹಾರೆ ಪುಟಿದು ಅವನ ಬೂಟಿನ ಪಕ್ಕದಲ್ಲೇ ಬಿತ್ತು. ಒಬ್ಬ ಸದಸ್ಯರು ಬಂಡೆಯನ್ನು ಕಾಲಿನಿಂದ ತಟ್ಟಿ, ಒಳ್ಳೇ ಕಲ್ಲು ಕಣ್ರೀ, ಕ್ವಾರಿಗೆ ಹೇಳಿ ಮಾಡಿಸಿದ ಹಾಗಿದೆ ಎಂದರು.

ಅಧಿಕಾರಿ ಬೆವರು ಒರೆಸಿಕೊಂಡು, “ಇಲ್ಲಿ ದಹನ ಮಾಡಬಹುದು ಸಾರ್. ಸಚಿವರ ಉತ್ತರದಲ್ಲಿ ಸ್ಥಳ ಅಂತ ಇದೆ. ಮಣ್ಣು ಅಂತ ಎಲ್ಲೂ ಇಲ್ಲ” ಎಂದ.

“ನಮ್ಮಲ್ಲಿ ಸುಡಾಕಿಲ್ಲ ಸ್ವಾಮಿ. ಮಣ್ ಮಾಡೋದು. ಮಣ್ ಮಾಡಕ್ಕೆ ಮಣ್ ಬ್ಯಾಡ್ವಾ?”

“ಕಾಲ ಬದಲಾಗಿದೆ ಅಜ್ಜಿ. ಈಗ ದೊಡ್ಡದೊಡ್ಡವರನ್ನೇ ಸುಡ್ತಾರೆ” ಎಂದರು ಅಧ್ಯಕ್ಷರು.

ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ನನ್ನದನ್ನೂ ಸೇರಿಸಿ. ಕೈ ಝಾಡಿಸಿದಳು.

“ಆಯ್ತು ಬುಡಿ ಸ್ವಾಮಿ.”

ಹಾರೆ ಎತ್ತಿಕೊಂಡು ಇಳಿದು ಹೋದಳು. ಕಾರುಗಳು ಊಟಕ್ಕೆ ತಿರುಗಿದವು.

ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ. ‘ಆಯ್ತು’ ಎಂದರೆ ಒಪ್ಪಿಗೆ. ‘ಆಯ್ತು ಬುಡಿ’ ಎಂದರೆ, ನಿಮ್ಮ ಹತ್ತಿರ ಮಾತಾಡಿ ಫಲವಿಲ್ಲ, ನಿಮ್ಮ ಯೋಗ್ಯತೆ ಇಷ್ಟೇ ಎಂದು ತಿಳಿಯಿತು, ದಾರಿ ಬಿಡಿ ಎಂದು. ಮುಂದಿನ ವಾರ ನಡವಳಿಯ ಕರಡು ನನ್ನ ಮೇಜಿಗೆ ಬಂದಾಗ ಅದರಲ್ಲಿ ಹೀಗಿತ್ತು: ‘ಅರ್ಜಿದಾರರು ಆಯಿತು ಎಂದು ಸಮ್ಮತಿ ಸೂಚಿಸಿದರು. ಭರವಸೆ ಈಡೇರಿರುವುದರಿಂದ ಪ್ರಕರಣವನ್ನು ಕೈಬಿಡಲಾಗಿದೆ.’

ನಾನು ಕರಡು ಹಿಡಿದುಕೊಂಡು, ಅದನ್ನು ಬರೆದ ಸಮಿತಿಯ ವರದಿಗಾರನ ಮೇಲೆ ಹರಿಹಾಯ್ದೆ. ಬುಡಿ ಎಲ್ಲಿ ಹೋಯಿತು ಎಂದೆ. ಆಡುಮಾತನ್ನು ತಿದ್ದಿ ಬರೆಯುವುದು ನಮ್ಮ ಕ್ರಮ ಮೇಡಂ, ಅದೊಂದು ಸುಮ್ಮನೆ ಸೇರುವ ಪದ ಎಂದ. ಇಡೀ ಮಾತಿನ ಜೀವವೇ ಆ ಪದದಲ್ಲಿದೆ ಕಣಯ್ಯಾ ಎಂದು ಕೂಗಾಡಿ ಅಧ್ಯಕ್ಷರ ಕೊಠಡಿಗೆ ಹೋದೆ. ಅವರಿಗೆ ಅರ್ಥವಾಗಿರಲಿಲ್ಲವೆಂದುಕೊಂಡಿದ್ದರೆ ಪೆದ್ದಿ ನಾನೇ.

“ನಂಗೆ ಗೊತ್ತಿಲ್ವೇನ್ರೀ? ನಮ್ಮವ್ವ ದಿನಾ ಅಂಗೇ ಬಯ್ಯೋಳು. ಆದ್ರೆ ಬುಡಿ ಅನ್ನೋದನ್ನ ನಡವಳಿಯಲ್ಲಿ ಎಂಗೆ ಬರೀತೀರಿ ಏಳಿ?”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ದೇವರೂ ಪೂಜಾರಿಯೂ ಒಂದೇ ಕಾರಿನಲ್ಲಿ ಊಟಕ್ಕೆ ಹೋಗಿದ್ದರು. ನಾನು ಬಿಡಲಿಲ್ಲ. ಹಾಗಾದರೆ ಒಂದು ಷರತ್ತು ಸೇರಿಸಿ ಸಾರ್ ಎಂದೆ: ಸ್ಮಶಾನ ಬಳಕೆಯಲ್ಲಿದೆ ಎಂದು ಇಲಾಖೆ ಪುರಾವೆ ಕೊಟ್ಟ ಮೇಲೆ ಮಾತ್ರ ಕೈಬಿಡುವುದು. ಅವರು ಗಡಿಯಾರ ನೋಡಿ, ಇದರಲ್ಲೇನು ಹೋಗುತ್ತೆ ಎಂದು ಸಹಿ ಹಾಕಿದರು. ಆ ಸಂಜೆ ರೈಲಿನಲ್ಲಿ ಬಿಡದಿ ದಾಟುವಾಗ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಆ ಬಂಡೆಯನ್ನು ಯಾರು ಬಳಸುತ್ತಾರೆ? ಬಳಸದೆ ಪ್ರಕರಣ ಮುಗಿಯುವುದಿಲ್ಲ, ಮುಗಿಯದಿದ್ದರೆ ಬೇರೆ ಜಾಗ ಕೊಡಲೇಬೇಕು. ಭಾರಿ ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಅವರೆಕಾಯಿ ಕಾಲದಲ್ಲಿ ಅಜ್ಜಿ ಮಗನ ಜೊತೆ ನಮ್ಮ ಮನೆಗೇ ಬಂದಳು, ಸೆರಗಿನಲ್ಲಿ ಸೊಗಡು ಕಾಯಿ ಕಟ್ಟಿಕೊಂಡು. ಏನಾಯ್ತವ್ವ ಎಂದು ಕೇಳಿದಳು. ಕಡತ ಮುಚ್ಚಲು ನಾನು ಬಿಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿದೆ.

“ಅದ್ನ ಮುಚ್ದೆ ಇದ್ರೆ ಇರ್ಲಿ ಕಣವ್ವ. ನನ್ನ ಮುಚ್ಚಕ್ಕೆ ಒಸಿ ಮಣ್ಣು ಕೊಡ್ಸು” ಎಂದಳು. ಕಾಫಿ ಕುಡಿದು, ಬತ್ತೀನಿ ಎಂದು ಎದ್ದಳು.

ಮುಂದಿನ ಆಷಾಢಕ್ಕೆ ಸ್ವಲ್ಪ ಮೊದಲು ಇಲಾಖೆಯ ಉತ್ತರ ಬಂತು. ‘ಸದರಿ ಸ್ಮಶಾನವು ಸಾರ್ವಜನಿಕ ಬಳಕೆಯಲ್ಲಿದೆ.’ ಜೊತೆಗೊಂದು ಫೋಟೋ. ಬಂಡೆಯ ನೆತ್ತಿಯಲ್ಲಿ ಸುಟ್ಟ ಕಪ್ಪು, ಅದರ ಅಂಚಿನಿಂದ ಇಳಿಜಾರಿನುದ್ದಕ್ಕೂ ಒಣಗಿದ ಬಿಳಿ ಗೆರೆ. ಸುಣ್ಣದ ಗೆರೆಯಿರಬೇಕು ಎಂದುಕೊಂಡೆ. ಆದರೆ ಅಲ್ಲಿ ಸುಟ್ಟಿದ್ದು ಯಾರನ್ನು? ಅಜ್ಜಿಯ ಮಗನಿಗೆ ಫೋನ್ ಮಾಡಿದೆ.

“ಅವ್ವ ತೀರ್ಕಂಬುಟ್ಳು ಮೇಡಂ. ಜಾಗ ಕೇಳ್ಕಂಡು ಊರೆಲ್ಲ ಸುತ್ತುದ್ವಿ. ಒಲ ಉಳಿದಿರೋರು ಬ್ಯಾರೆಯೋರ್ ಎಣಕ್ಕೆ ಯಾಕ್ ಕೊಟ್ಟಾರು? ಅಪ್ಪನ್ ಪಕ್ಕ ಆಕ್ತೀವಿ ಅಂತ ಕಂಪ್ನೀಲಿ ಕೇಳ್ದೆ. ಗೇಟ್ ಕಾಯೋನು ನೀನೇ ಇಂಗ್ ಕೇಳ್ತೀಯಲ್ಲ ಅಂದ್ರು. ಕಡೀಕೆ ಬಂಡೆ ಮ್ಯಾಲೆ ಸುಟ್ವಿ. ಮೂರ್ನೇ ದಿನ ಆಲು ತುಪ್ಪ ಬುಟ್ವಿ ಮೇಡಂ. ಒಸೀನೂ ಇಂಗ್ನಿಲ್ಲ. ಅಂಗೇ ಜಾರ್ಕಂಡು ಕೆಳೀಕೆ ಓಗ್ಬುಡ್ತು.”

ಫೋಟೋದ ಬಿಳಿ ಗೆರೆ ಸುಣ್ಣವಾಗಿರಲಿಲ್ಲ.

ಸಭೆ ಬೆಂಗಳೂರಿನಲ್ಲಿ ಸೇರಿತು. ಆಷಾಢ, ಎಲ್ಲರೂ ಬಂದಿದ್ದರು. ಫೋಟೋ ಮೇಜಿನ ಸುತ್ತ ಒಂದು ಸುತ್ತು ಬಂತು. ನಾನು ಎದ್ದು ನಿಂತು, “ಸಾರ್, ಅದು ಆ ಅಜ್ಜಿಯನ್ನೇ ಸುಟ್ಟಿರುವ ಗುರುತು” ಎಂದೆ. ಅಂದು ಹಾರೆ ಹಿಡಿದಿದ್ದ ಅಧಿಕಾರಿ ತಲೆ ತಗ್ಗಿಸಿದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಪಾಪ ಎಂದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ.

“ಅಂದ್ರೆ ಬಳಕೆ ಆಗಿದೆ ಅಂತಾಯ್ತು. ಷರತ್ತು ನಿಮ್ಮದೇ ಅಲ್ವೇನ್ರೀ ಮೇಡಂ? ಈಗ ಆಯ್ತಲ್ಲ?”

ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ.

“ಆಯ್ತು ಬುಡಿ ಸಾರ್” ಎಂದೆ.

ವರದಿಗಾರ ತಲೆ ಎತ್ತದೆ ಬರೆದುಕೊಂಡ: ಆಯಿತು.