ಸುಡುವ ಮೈಗೆ ತಣ್ಣೀರು

ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗಿನ ಬೇಸಿಗೆ ಅದು. ಆದೋನಿ ಊರಾಚೆ, ಆಸ್ಪರಿ ರಸ್ತೆಯ ಪಕ್ಕದಲ್ಲಿ ನಮ್ಮ ಕಾಲೇಜು. ಅವತ್ತು ಭೂಮಿ ದಿನಾಚರಣೆ. ಸಸಿ ನೆಡುವ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕಿದ್ದರು. ಕರ್ನೂಲಿನಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಕಾಲೇಜಿನ ಪರಿಸರ ಕ್ಲಬ್ಬಿನ ಪರವಾಗಿ ಮಾತಾಡುವ ಸರದಿ ನನ್ನದು. ನಾನು ಹತ್ತಿರದ ಗಡಿ ಹಳ್ಳಿ ಪೆದ್ದಹರಿವಾಣದವಳು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ತೆಲುಗು. ಭಾಷಣ ತೆಲುಗಿನಲ್ಲಿ ಮಾಡಬೇಕಿದ್ದುದರಿಂದ ಬೆಳಿಗ್ಗೆಯಿಂದಲೂ ಬಾಯಿಪಾಠ ಮಾಡುತ್ತಾ ಓಡಾಡುತ್ತಿದ್ದೆ.

ಮೊದಲೆಲ್ಲ ನಮ್ಮ ಕ್ಲಬ್ಬೆಂದರೆ ಗಿಡ ನೆಡುವುದು, ಪ್ಲಾಸ್ಟಿಕ್ ಹೆಕ್ಕುವುದು, ಫೋಟೋ ತೆಗೆಸಿಕೊಳ್ಳುವುದು ಇಷ್ಟೇ ಆಗಿತ್ತು. ಆ ವರ್ಷ ಬಾಟನಿ ಮೇಡಂ ಬೇರೆಯೇ ಕೆಲಸ ಕೊಟ್ಟಿದ್ದರು. "ಬಿಸಿಲು ಎಲ್ಲರ ಮೇಲೂ ಒಂದೇ ಥರ ಬೀಳತದೇನು? ನಮ್ಮ ಕ್ಯಾಂಪಸ್ಸಿನ್ಯಾಗ ಯಾರು ಎಷ್ಟು ಬೇಯ್ತಾರ, ನೀವೇ ನೋಡಿ ಬರ್ರಿ" ಎಂದಿದ್ದರು. ನಾನೂ ನನ್ನ ಗೆಳತಿ ಶಬಾನಾಳೂ ಥರ್ಮಾಮೀಟರ್ ಹಿಡಿದು ತಿರುಗಿದೆವು. ಎ.ಸಿ. ಇರುವ ಆಫೀಸು, ಫ್ಯಾನು ತಿರುಗುವ ಕ್ಲಾಸು, ತಗಡಿನ ಕೆಳಗೆ ಒಲೆ ಉರಿಯುವ ಹಾಸ್ಟೆಲ್ಲಿನ ಅಡುಗೆಮನೆ. ಕೊನೆಗೆ ಹಿಂಭಾಗದಲ್ಲಿ ಕಟ್ಟುತ್ತಿದ್ದ ಹೊಸ ಕಟ್ಟಡ. ಅಲ್ಲಿ ನೆರಳೇ ಇರಲಿಲ್ಲ. ಕಬ್ಬಿಣದ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಆ ಸರಳುಗಳ ನಡುವೆಯೇ ಹೆಂಗಸರು ತಲೆಯ ಮೇಲೆ ಕಾಂಕ್ರೀಟು ಹೊತ್ತು ಓಡಾಡುತ್ತಿದ್ದರು.

ಮಧ್ಯಾಹ್ನದ ಹೊತ್ತು ಕೆಲಸ ನಿಲ್ಲಿಸಿ, ನೆರಳಿಗೊಂದು ಚಪ್ಪರ ಹಾಕಿಸಿ ಎಂದು ಕೇಳಲು ಹೋದೆವು. ಅಲ್ಲಿನ ಸೂಪರ್‌ವೈಸರ್ ನಕ್ಕುಬಿಟ್ಟ. ಪ್ರಿನ್ಸಿಪಾಲರು ಕನ್ನಡಕ ತೆಗೆದು, "ಅದು ಕಾಂಟ್ರಾಕ್ಟರ್ ವಿಷಯಮ್ಮಾ. ನೀವು ಗಿಡ ನೆಡ್ರಿ, ನಾನು ಬೇಡ ಅನ್ನಂಗಿಲ್ಲ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಭೂಮಿ ದಿನದಂದೇ ಆ ಕಟ್ಟಡಕ್ಕೆ ಸ್ಲ್ಯಾಬ್ ಹಾಕುತ್ತಿದ್ದರು. ಸ್ಲ್ಯಾಬ್ ಶುರುವಾದರೆ ಮುಗಿಯುವತನಕ ನಿಲ್ಲಿಸುವಂತಿಲ್ಲವಂತೆ. ಅಧಿಕಾರಿ ಬರುವುದು ತಡವಾಯಿತು. ಬಿಸಿಲು ನೆತ್ತಿಗೇರಿತು. ಕೋಟೆ ಗುಡ್ಡದ ಬಂಡೆಗಳ ಕಡೆಯಿಂದ ಒಲೆಯ ಬಾಯಿ ತೆರೆದಂತೆ ಗಾಳಿ ಬೀಸುತ್ತಿತ್ತು. ನಾನೂ ಶಬಾನಾಳೂ ಗದ್ದಲದಿಂದ ದೂರ, ಕಟ್ಟಡದ ಹತ್ತಿರದ ಬೇವಿನ ಮರದ ಕೆಳಗೆ ನಿಂತಿದ್ದೆವು. ನಾನು ಭಾಷಣ ಒಪ್ಪಿಸುತ್ತಿದ್ದೆ, ಅವಳು ತಪ್ಪು ಹಿಡಿಯುತ್ತಿದ್ದಳು.

ಆಗ ಆ ಹೆಂಗಸು ಕಂಡಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಸಿಂಬಿ, ಕೈಯಲ್ಲಿ ಖಾಲಿ ಬಾಂಡ್ಲಿ. ಕಾಂಕ್ರೀಟು ತುಂಬಿಸಿಕೊಳ್ಳಲು ಮಿಕ್ಸರಿನ ಕಡೆ ಹೋಗಬೇಕಾದವಳು ಸೀದಾ ಕಾಂಪೌಂಡ್ ಗೋಡೆಯ ಕಡೆ ನಡೆದಳು. ಗೋಡೆಗೆ ಮುಖ ಕೊಟ್ಟು ನಿಂತು, ನಾಲಿಗೆಯಿಂದ 'ಟ್ರ್ರ್ ಟ್ರ್ರ್' ಎಂದು ಸದ್ದು ಮಾಡತೊಡಗಿದಳು.

"ಏನ್ ಮಾಡಾಕತ್ಯಾಳ ಆಕಿ?" ಎಂದಳು ಶಬಾನಾ.

ಕುರಿ ಕರೆಯುವ ಸದ್ದು ಅದು. ನಮ್ಮೂರಿನಲ್ಲಿ ದಿನಾ ಕೇಳುವಂಥದ್ದು. ಆದರೆ ಅಲ್ಲಿ ಕುರಿ ಎಲ್ಲಿತ್ತು? "ಅಕ್ಕಾ!" ಎಂದು ಕೂಗಿದೆ. ತಿರುಗಿ ನನ್ನನ್ನೇ ನೋಡಿದಳು. ನೋಡಿದರೂ ನಾನು ಆಕೆಗೆ ಕಾಣುತ್ತಿಲ್ಲವೆಂದು ಅನಿಸಿತು. ಮರುಕ್ಷಣ ಬಾಂಡ್ಲಿ ಜಾರಿತು, ಅವಳು ಮುಗ್ಗರಿಸಿ ಬಿದ್ದಳು.

ಓಡಿಹೋಗಿ ಕೈ ಹಿಡಿದೆ. ಕಾದ ಹಂಚು ಮುಟ್ಟಿದಂತಾಯಿತು. ಅಷ್ಟು ಬಿಸಿಲಿನಲ್ಲಿ ದುಡಿದವಳ ಹಣೆಯ ಮೇಲೆ ಬೆವರಿನ ಹನಿಯೂ ಇರಲಿಲ್ಲ. ಹಿಂದಿನ ತಿಂಗಳು ಒಬ್ಬ ಡಾಕ್ಟರು ನಮ್ಮ ಕ್ಲಬ್ಬಿಗೆ ಬಂದು ಬಿಸಿಲಿನ ಹೊಡೆತದ ಬಗ್ಗೆ ಹೇಳಿದ್ದರು. ನಮ್ಮ ಕಡೆ ತೆಲುಗಿನಲ್ಲಿ ಅದನ್ನು ವಡದೆಬ್ಬ ಅನ್ನುತ್ತಾರೆ. "ಮೈ ಸುಡ್ತಿದ್ದು, ಏನೇನೋ ಬಡಬಡಿಸಿದರೆ ಕಾಯಬೇಡಿ. ಮೊದಲು ಮೈ ತಣ್ಣಗೆ ಮಾಡಿ, ಆಮೇಲೆ ಆಸ್ಪತ್ರೆ" ಎಂದಿದ್ದರು. ಅವತ್ತು ತಲೆಯಾಡಿಸಿ ಕೇಳಿದ್ದೆ, ಅಷ್ಟೇ. ನನ್ನ ಕೈಯಿಂದ ಮಾಡಬೇಕಾದ ದಿನ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಕೂಲಿಯವರೆಲ್ಲ ಓಡಿಬಂದರು. ಮರದ ನೆರಳಿಗೆ ಎತ್ತಿಕೊಂಡು ಬಂದೆವು. ಅವಳ ಹೆಸರು ಉರುಕುಂದಮ್ಮ ಎಂದು ಒಬ್ಬ ಹೆಂಗಸು ಹೇಳಿದಳು. ಅಷ್ಟರಲ್ಲಿ ಸೂಪರ್‌ವೈಸರ್ ಸೋಡಾ ಬಾಟಲಿ ಹಿಡಿದು ಬಂದ. "ಏಂ ಕಾಲೇದಮ್ಮಾ, ತಿನಲೇದು, ಅಂತೇ" ಎಂದ. ಏನೂ ಆಗಿಲ್ಲ, ಉಂಡಿಲ್ಲ ಅಷ್ಟೇ ಎಂದು ಅವನ ಲೆಕ್ಕ. ಬಾಟಲಿಯನ್ನು ಅವಳ ಬಾಯಿಗೆ ಹಿಡಿಯಲು ಬಗ್ಗಿದ.

"ಬಾಯಾಗ ಏನೂ ಹಾಕಬ್ಯಾಡ್ರಿ!" ನಾನು ಅವನ ಕೈ ತಳ್ಳಿದೆ. "ಆಕಿಗೆ ಎಚ್ಚರ ಇಲ್ಲ, ಉಸಿರು ಕಟ್ಟತೈತಿ. ನೀರು ಹಾಕ್ರಿ, ಮೈಮ್ಯಾಲ ಹಾಕ್ರಿ!"

ಶಬಾನಾ 108ಕ್ಕೆ ಫೋನು ಮಾಡಿದಳು. ಹತ್ತಿರದ ಗಾಡಿ ಬೇರೆ ಕಡೆ ಹೋಗಿದೆ, ಬರಲು ಹೊತ್ತಾಗುತ್ತದೆ ಎಂದರು. ಅವಳು ಫೋನು ಜೇಬಿಗೆ ತುರುಕಿ ಶಾಮಿಯಾನದ ಕಡೆ ಓಡಿದಳು. ನಾನು ಸಸಿಗಳಿಗೆಂದು ತುಂಬಿಸಿಟ್ಟಿದ್ದ ಡ್ರಮ್ಮಿನಿಂದ ಬಕೆಟ್ಟು ಮುಳುಗಿಸಿ ತಂದೆ. ಹೆಂಗಸರು ಸೆರಗು ಅಡ್ಡ ಹಿಡಿದು ಮರೆ ಮಾಡಿದರು. ಅಂಗಿಯ ಗುಂಡಿ ಬಿಚ್ಚಿ ಇನ್ನೇನು ಸುರಿಯಬೇಕು, ಯಾರೋ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು.

ಅವಳ ಗಂಡ ತಿಕ್ಕಯ್ಯ. ಸ್ಲ್ಯಾಬಿನ ಮೇಲಿಂದ ಇಳಿದು ಬಂದಿದ್ದ. ಮೊಣಕಾಲಿನವರೆಗೂ ಸಿಮೆಂಟು.

"ಯವ್ವಾ, ತಣ್ಣೀರು ಹಾಕಬ್ಯಾಡ. ಸುಡೋ ಮೈಗೆ ತಣ್ಣೀರು ಬಿದ್ರ ಸನ್ನಿ ಹಿಡೀತೈತಿ. ನಮ್ಮಕ್ಕಗ ಹಂಗ ಆಗಿತ್ತು. ನೀರು ಹಾಕಿದ್ರು, ಸೆಟೆದಳು, ಸತ್ತಳು. ನನ್ನ ಕಣ್ಣಾರೆ ನೋಡೀನಿ."

"ಅಣ್ಣಾ, ಡಾಕ್ಟರು ಹೇಳ್ಯಾರ..."

"ಡಾಕ್ಟರು ಎಲ್ಲಿ ಅದಾನ? ಕರಿ ಇಲ್ಲಿಗೆ!"

ಅವನದು ಸುಮ್ಮನೆ ಹಟ ಆಗಿರಲಿಲ್ಲ, ಒಡಹುಟ್ಟಿದವಳನ್ನು ಕಳೆದುಕೊಂಡವನ ಭಯ. ನಾನೋ, ಒಮ್ಮೆ ಕೇಳಿದ ಮಾತನ್ನು ನಂಬಿ ಬಕೆಟ್ಟು ಹಿಡಿದು ನಿಂತವಳು. ನೀರು ಹಾಕಿದ ಮೇಲೆ ಇವಳೂ ಸತ್ತರೆ? ಕೊಂದವಳು ನಾನೇ ಆಗುತ್ತೇನೆ. ಹಾಕದೆ ಸತ್ತರೆ ಯಾರೂ ನನ್ನನ್ನು ಕೇಳುವುದಿಲ್ಲ. ಆ ಯೋಚನೆ ಬಂದದ್ದು ನಿಜ.

ಉರುಕುಂದಮ್ಮನ ತುಟಿ ಇನ್ನೂ ಅಲುಗುತ್ತಿತ್ತು. ಉಸಿರು ನಾಯಿ ಏದುವ ಹಾಗೆ. ನಾನು ಇನ್ನೊಂದು ಕೈಯಿಂದ ಬಕೆಟ್ಟು ವಾಲಿಸಿಬಿಟ್ಟೆ. ನೀರು ಅವಳ ಕುತ್ತಿಗೆ, ಎದೆ, ಹೊಟ್ಟೆಯ ಮೇಲೆ ಹರಿಯಿತು.

ಅಷ್ಟಾದ ಮೇಲೆ ನಾನು ಹೆದರಿದ್ದು ನಡೆಯಿತು. ಅವಳ ಕೈಕಾಲು ಸೆಟೆದವು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡವು. ಮೈಯೆಲ್ಲ ಅದುರತೊಡಗಿತು.

"ಕೊಂದ್ಯಲ್ಲವ್ವಾ!" ತಿಕ್ಕಯ್ಯ ಚೀರಿದ. ನನ್ನ ಭುಜ ಹಿಡಿದು ದೂಡಿದ. ನಾನು ಹಿಂದಕ್ಕೆ ಬಿದ್ದೆ. ಸೆರಗು ಹಿಡಿದಿದ್ದ ಹೆಂಗಸರಲ್ಲೊಬ್ಬಳು "ಯಪ್ಪಾ ಈರಣ್ಣಾ" ಎಂದು ದೇವರನ್ನು ಕರೆದು ಅಳಲು ಶುರುಮಾಡಿದಳು. ಸೂಪರ್‌ವೈಸರ್ ಹಿಂದೆ ಹಿಂದೆ ಸರಿಯುತ್ತಿದ್ದ.

ತೆವಳಿಕೊಂಡೇ ಹೋಗಿ, ಹೇಗೋ ಉರುಕುಂದಮ್ಮನನ್ನು ಮಗ್ಗುಲಿಗೆ ತಿರುಗಿಸಿ ತಲೆ ಹಿಡಿದುಕೊಂಡೆ. ಡಾಕ್ಟರು ಫಿಟ್ಸ್ ಬರಬಹುದೆಂದೂ ಹೇಳಿದ್ದರು. ಶಾಖ ತಲೆಗೇರಿದಾಗ ಬರುತ್ತದೆ, ಆದರೂ ತಣ್ಣಗೆ ಮಾಡುವುದನ್ನು ನಿಲ್ಲಿಸಬಾರದು ಎಂದು. ಹಾಗೆ ಹೇಳಿದ್ದರಾ, ಅಥವಾ ನಾನೇ ಹಾಗೆ ಅಂದುಕೊಳ್ಳುತ್ತಿದ್ದೇನಾ? ತಲೆಯಲ್ಲಿ ಎಲ್ಲ ಕಲಸಿಹೋಗಿತ್ತು.

"ಅಣ್ಣಾ," ಎಂದೆ. "ಆಕಿ ಮೈ ಮುಟ್ಟಿ ನೋಡು. ಒಳಗ ಬೆಂಕಿ ಹತ್ಯೈತಿ. ಬೆಂಕಿ ಹತ್ತಿದ ಮನಿಗೆ ನೀರು ಹಾಕಂಗಿಲ್ಲೇನು? ನನಗೂ ಅಂಜಿಕಿ ಆಗ್ಯೈತಿ. ಆದ್ರ ನಾವು ಸುಮ್ಮನ ಕುಂತ್ರ ಆಕಿ ಉಳಿಯಂಗಿಲ್ಲ."

ಅವನು ಕುಕ್ಕರಗಾಲಲ್ಲಿ ಕೂತು ಹೆಂಡತಿಯ ಹಣೆ ಮುಟ್ಟಿದ. ಕುತ್ತಿಗೆ ಮುಟ್ಟಿದ. ನನ್ನ ಮುಖ ನೋಡಿದ. ಆಮೇಲೆ ಎದ್ದು ಹೋಗಿ, ಬಿದ್ದಿದ್ದ ಬಕೆಟ್ಟು ಎತ್ತಿಕೊಂಡು, ಡ್ರಮ್ಮಿನಲ್ಲಿ ಮುಳುಗಿಸಿ ತಂದು ತಾನೇ ಸುರಿದ.

ಅದೇ ಹೊತ್ತಿಗೆ ಶಬಾನಾ ಬಂದಳು. ಅತಿಥಿಗಳ ಮಜ್ಜಿಗೆಗೆಂದು ತರಿಸಿದ್ದ ಐಸ್ ಗಡ್ಡೆಗಳ ಟಬ್ಬನ್ನೇ ಹೊತ್ತು ತಂದಿದ್ದಳು. ಹಿಂದೆಯೇ ಅಟೆಂಡರ್, "ಅಮ್ಮಾ, ಅದು ಸಾಹೇಬ್ರಿಗೆ!" ಎಂದು ಕೂಗುತ್ತಾ ಓಡಿ ಬರುತ್ತಿದ್ದ. ಅವನ ಹಿಂದೆ ಬಾಟನಿ ಮೇಡಂ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ. ಮೇಡಂ ಬಂದವರೇ ಐಸನ್ನು ತಮ್ಮ ದುಪಟ್ಟಾದಲ್ಲಿ ಸುತ್ತಿ ಅವಳ ಕಂಕುಳಿಗೂ ಕುತ್ತಿಗೆಗೂ ಇಟ್ಟರು. ಬೀಸಣಿಗೆ ಎಲ್ಲಿಂದ ತರುವುದು? ಇಬ್ಬರು ಹುಡುಗರು ವೇದಿಕೆಯ ಹಿಂದಿನ ದೊಡ್ಡ ಫ್ಲೆಕ್ಸನ್ನೇ ಕಿತ್ತು ತಂದು, ಎರಡು ತುದಿ ಹಿಡಿದು ಬೀಸತೊಡಗಿದರು. ತಿಕ್ಕಯ್ಯ ನೀರು ಸುರಿಯುತ್ತಲೇ ಇದ್ದ. ನಾನು ಅವಳ ತಲೆ ಹಿಡಿದುಕೊಂಡು ಕೂತಿದ್ದೆ.

ಅದುರುವುದು ನಿಂತಿತು. ಆದರೆ ಕಣ್ಣು ಬಿಡಲಿಲ್ಲ. ಆಂಬುಲೆನ್ಸ್ ಸುಳಿವೇ ಇಲ್ಲ.

"ಎತ್ರಿ. ನನ್ನ ಕಾರಿನ್ಯಾಗ ಹಾಕ್ರಿ." ಹಿಂದಿನಿಂದ ದನಿ ಬಂತು. ನೋಡಿದರೆ ಪ್ರಿನ್ಸಿಪಾಲರು. ಕಾರನ್ನು ಮರದ ಬುಡದವರೆಗೂ ತಂದು ನಿಲ್ಲಿಸಿದ್ದರು. ಅಷ್ಟರಲ್ಲಿ ಗೇಟಿನ ಕಡೆಯಿಂದ ಅಧಿಕಾರಿಯ ವಾಹನದ ಸೈರನ್ ಕೇಳಿಸಿತು. ಅಟೆಂಡರ್ ಗಾಬರಿಯಿಂದ, "ಸರ್, ಸಾಹೇಬ್ರು ಬಂದ್ರು" ಎಂದ.

"ಬಂದ್ರ ಕುಂದ್ರಸು," ಎಂದವರೇ ಸ್ಟೇರಿಂಗ್ ಮುಂದೆ ಕೂತರು.

ಹಿಂದಿನ ಸೀಟಿನಲ್ಲಿ ಉರುಕುಂದಮ್ಮನ ತಲೆ ನನ್ನ ತೊಡೆಯ ಮೇಲೆ, ಕಾಲು ತಿಕ್ಕಯ್ಯನ ತೊಡೆಯ ಮೇಲೆ. ಸೀಟೆಲ್ಲ ನೀರು, ಸಿಮೆಂಟು. ಸರ್ ಹಾರ್ನ್ ಒತ್ತಿ ಹಿಡಿದೇ ಓಡಿಸಿದರು. ಹತ್ತಿ ಮಾರ್ಕೆಟ್ಟಿನ ಹತ್ತಿರ ಲಾರಿಗಳು ಅಡ್ಡ ನಿಂತಿದ್ದವು. ಎಂದೂ ದನಿ ಎತ್ತರಿಸದ ಮನುಷ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಜರುಗಂಡ್ರಾ, ಪ್ರಾಣಂ ಪೋತಾಂದಿ!" ಎಂದು ತೆಲುಗಿನಲ್ಲಿ ಕಿರುಚಿದರು. ಜೀವ ಹೋಗುತ್ತಿದೆ, ಪಕ್ಕಕ್ಕೆ ಸರಿಯಿರೋ ಎಂದು. ಒಂದು ಲಾರಿ ಹಿಂದಕ್ಕೆ ಸರಿಯುವಷ್ಟರಲ್ಲಿ ನನಗೆ ಒಂದು ಯುಗ ಕಳೆದಂತಾಯಿತು. ತಿಕ್ಕಯ್ಯ ಹೆಂಡತಿಯ ಅಂಗಾಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇದ್ದ.

ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲೆ ಹಾಕಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದು, "ನೀರು ಹಾಕಿದ್ದು ಯಾರು?" ಎಂದರು. ನಾನು ಬಾಯಿ ತೆರೆಯುವ ಮುಂಚೆ ತಿಕ್ಕಯ್ಯ ಎದ್ದು ನಿಂತ. "ನಾನ್ರೀ," ಎಂದ. "ನಾನೇ ಹಾಕೀನಿ." ಏನಾದರೂ ಆಗಿದ್ದರೆ ತಪ್ಪು ತನ್ನ ತಲೆಗೇ ಬರಲಿ ಎಂದು ಹಾಗೆ ಹೇಳಿದನೆಂದು ಆಮೇಲೆ ನನಗೆ ಹೊಳೆಯಿತು. ಡಾಕ್ಟರು ಅವನ ಭುಜ ತಟ್ಟಿ, "ಹಾಕದಿದ್ದರೆ ಇಲ್ಲಿಯವರೆಗೆ ಬರುತ್ತಿರಲಿಲ್ಲ. ಈಗಲೇ ಏನೂ ಹೇಳೋಕಾಗಲ್ಲ" ಎಂದು ಮತ್ತೆ ಒಳಗೆ ಹೋದರು. ಅವನು ಗೋಡೆಗೆ ಆತು ಹಾಗೇ ನೆಲಕ್ಕೆ ಕುಸಿದು ಕೂತ.

ಮರುದಿನ ಸಂಜೆ ಉರುಕುಂದಮ್ಮ ಕಣ್ಣು ಬಿಟ್ಟಳು. ಗಂಡನ ಹೆಸರು ಹಿಡಿದು ಕರೆದಳೆಂದು ನರ್ಸಮ್ಮ ನಗುತ್ತಾ ಹೇಳಿದರು. ಜೀವ ಉಳಿಯಿತು, ಆದರೆ ಮೊದಲಿನಂತಾಗಲಿಲ್ಲ. ಇವತ್ತಿಗೂ ಅವಳ ಕೈ ನಡುಗುತ್ತದೆ. ನೀರಿನ ಲೋಟ ಎರಡೂ ಕೈಯಲ್ಲಿ ಹಿಡಿಯಬೇಕು. ಪರಿಹಾರಕ್ಕೆಂದು ಹಾಕಿದ ಅರ್ಜಿ ಇನ್ನೂ ಆಫೀಸಿನಿಂದ ಆಫೀಸಿಗೆ ತಿರುಗುತ್ತಲೇ ಇದೆ. ನಾವೂ ಅದರ ಹಿಂದೆ ತಿರುಗುತ್ತಿದ್ದೇವೆ.

ಭೂಮಿ ದಿನದ ನನ್ನ ಭಾಷಣ ನಡೆಯಲೇ ಇಲ್ಲ. ಮಾರನೆಯ ದಿನ ನಾವು ಕ್ಲಬ್ಬಿನವರೆಲ್ಲ ಮಿಕ್ಸರಿನ ಮುಂದೆ ಹೋಗಿ ಕೂತೆವು. ಬೇರೆ ಕ್ಲಾಸಿನವರೂ ಬಂದು ಕೂತರು. ಸೂಪರ್‌ವೈಸರ್ ಕೂಗಾಡಿದ, ಪೊಲೀಸರನ್ನು ಕರೆಸುತ್ತೇನೆ ಎಂದ. ಪ್ರಿನ್ಸಿಪಾಲರು ಬಂದಾಗ ನಮ್ಮನ್ನು ಎಬ್ಬಿಸುತ್ತಾರೆ ಎಂದುಕೊಂಡೆವು. ಅವರು ಕಾಂಟ್ರಾಕ್ಟರಿಗೆ ಅಲ್ಲಿಂದಲೇ ಫೋನು ಹಚ್ಚಿ, "ಬಿಸಿಲು ಇಳಿಯೋತನ ನನ್ನ ಕಾಲೇಜಿನ್ಯಾಗ ಕೆಲಸ ನಡೆಯಂಗಿಲ್ಲ. ನೆರಳು, ನೀರು ಇಲ್ಲದಿದ್ರ ಗೇಟೇ ತೆಗಿಯಂಗಿಲ್ಲ" ಎಂದರು. ಚಪ್ಪರ ಎದ್ದಿತು. ಅಡುಗೆಮನೆಯ ತಗಡಿನ ಮೇಲೂ ಜೋಳದ ಸೊಪ್ಪೆ ಹೊದಿಸಿದರು. ಅದನ್ನು ಗೆಲುವು ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಒಬ್ಬಳ ಮೈ ಬೆಂದ ಮೇಲೆ ಸಿಕ್ಕ ನೆರಳು ಅದು.

ಹೋದ ಶ್ರಾವಣದಲ್ಲಿ ಉರುಕುಂದಮ್ಮನನ್ನು ನೋಡಲು ಆಸ್ಪರಿ ಕಡೆಯ ಅವರ ಊರಿಗೆ ಹೋಗಿದ್ದೆ. ಬರುವಾಗ ತಿಕ್ಕಯ್ಯ ಬಸ್ಸಿನವರೆಗೂ ಬಂದ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತು ಕೇಳಿಯೇಬಿಟ್ಟೆ. "ಅಣ್ಣಾ, ಅವತ್ತು ನನ್ನ ದೂಡಿದ ಮ್ಯಾಲ, ಮತ್ತ ನನ್ನ ಮಾತು ಹೆಂಗ ನಂಬಿದಿ?"

"ನೀನು ಎಲ್ಲಾ ಗೊತ್ತೈತಿ ಅಂದಿದ್ರ ನಂಬತಿದ್ದಿಲ್ಲವ್ವ," ಎಂದ. "ನನಗೂ ಅಂಜಿಕಿ ಆಗ್ಯೈತಿ ಅಂದಿ. ಅಂಜಿಕಿ ಆದೋರು ಓಡಿ ಹೋಗತಾರ. ನೀ ಆಕಿ ತಲಿ ಬಿಡಲಿಲ್ಲ."

ಬಸ್ಸು ಬಂತು. ಹತ್ತಿ ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಪಕ್ಕದ ಸೀಟಿನ ಅಜ್ಜಿ, "ತವರು ಬಿಟ್ಟು ಹೊಂಟೀಯೇನವ್ವ?" ಎಂದು ಕೇಳಿದಳು. ಹೌದು ಎಂದುಬಿಟ್ಟೆ.